ಸೆಷನ್ ದರ ನೋಡುವ ಮುಂಚೆ ಗಂಟೆ ಲೆಕ್ಕ ಹಾಕಿ

ವ್ಯಸನಮುಕ್ತಿ ಕೇಂದ್ರದ ತಿಂಗಳ ಸಂಬಳ ಬಿಟ್ಟು, ಒಂದು ಕೌನ್ಸೆಲಿಂಗ್ ಸೆಷನ್ನಿಗೆ ಇಷ್ಟು ಅಂತ ಕೊಡುವ ಕ್ಲಿನಿಕ್‌ಗೆ ಕೌನ್ಸೆಲರ್ ಆಗಿ ಸೇರಲೇ ಅಂತ ಕೇಳಿದ್ದೀರಿ. ದರ ನೋಡಿ ಒಪ್ಪಿಕೊಳ್ಳಬೇಡಿ. ವಾರಕ್ಕೆ 25 ಸೆಷನ್ ಬುಕ್ ಆಗಿ 5 ಜನ ಬಾರದಿದ್ದರೆ ದುಡ್ಡು 20ಕ್ಕೆ ಮಾತ್ರ. ಒಂದೊಂದಕ್ಕೂ 15 ನಿಮಿಷ ಕೇಸ್ ನೋಟ್ಸ್ ಬರೆದರೆ ಅಲ್ಲೇ 5 ಗಂಟೆ ಬಿಟ್ಟಿ ದುಡಿಮೆ. ಕುಡಿತ ಬಿಟ್ಟು ಮತ್ತೆ ಶುರು ಮಾಡಿದವರು ಎಷ್ಟೋ ಸಲ ನಾಚಿಕೆಯಿಂದಲೇ ಬರುವುದಿಲ್ಲ; ಅವರಿಗೆ ಫೋನ್ ಮಾಡುವುದನ್ನಂತೂ ಬಿಡುವ ಹಾಗಿಲ್ಲ. ಹಾಗಾಗಿ ಗೈರಾದ ಸೆಷನ್ನಿಗೆ ಎಷ್ಟು ಕೊಡುತ್ತಾರೆ ಅನ್ನುವುದನ್ನು ಬರಹದಲ್ಲಿ ಪಡೆಯಿರಿ.

ಕೌನ್ಸೆಲರ್ ಲೈಸೆನ್ಸ್ ಇನ್ನೂ ಬಾಕಿ ಇದ್ದರೆ ಸಂಬಳಕ್ಕಿಂತ ಸೂಪರ್‌ವಿಷನ್, ಅಂದರೆ ಹಿರಿಯರೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದು, ಮುಖ್ಯ. ಅಲ್ಲಿನ ಸೂಪರ್‌ವೈಸರ್ ಸಹಿ ಲೈಸೆನ್ಸ್ ಕೊಡುವವರಲ್ಲಿ ನಡೆಯುತ್ತದೆಯೇ ಮೊದಲೇ ವಿಚಾರಿಸಿ. ಹಾಗೆ ಕೆಲಸ ಮಾಡಿದ ಗಂಟೆಗಳ ಲೆಕ್ಕದ ಹಾಳೆಗೆ ತಿಂಗಳು ತಿಂಗಳು ಸಹಿ ಹಾಕಿಸಿಕೊಳ್ಳಿ. ಸೂಪರ್‌ವೈಸರ್ ಕೆಲಸ ಬಿಟ್ಟುಹೋದ ಮೇಲೆ ಹಳೆಯ ಗಂಟೆಗಳಿಗೆ ಸಹಿ ಪಡೆಯುವುದು ತೀರಾ ಕಷ್ಟ.