ಕೋತಿಗೂ ಬಾಟಲಿ ಮುಚ್ಚಳ ತೆಗೆಯೋಕೆ ಬರುತ್ತೆ, ಹಾಗಾದ್ರೆ ನಮ್ಮ ಬುದ್ಧಿ ಯಾವುದರಲ್ಲಿ ಬೇರೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇದ್ದವು. ಮೊದಲನೆಯದಕ್ಕೆ ಜಾಸ್ತಿ ಜಾಗ ಹಿಡಿದಿದೆ. ಅದಕ್ಕೆ ಅಷ್ಟು ಬೇಕು ಅನ್ನಿಸಿತು.

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ಮಕ್ಕಳನ್ನು ಕರೆದುಕೊಂಡು ನಂದಿ ಬೆಟ್ಟಕ್ಕೆ ಹೋಗಿದ್ದೆವು. ಒಂದು ಕೋತಿ ನನ್ನ ಕೈಯಿಂದ ಜ್ಯೂಸ್ ಬಾಟಲಿ ಕಿತ್ತುಕೊಂಡು, ಮುಚ್ಚಳ ತಿರುಗಿಸಿ ತೆಗೆದು, ಕುಡಿದೇ ಬಿಟ್ಟಿತು. ಎಂಟನೇ ಕ್ಲಾಸ್ ಓದುವ ಮಗ, "ಅಮ್ಮ, ಇದಕ್ಕೂ ನಮಗೂ ಏನು ವ್ಯತ್ಯಾಸ?" ಅಂದ. ನಮ್ಮ ಮಿದುಳು ದೊಡ್ಡದು ಕಣೋ ಅಂದೆ. "ಹಾಗಾದ್ರೆ ಆನೆದು?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಏನು ಹೇಳಲಿ ಸರ್?

ಉತ್ತರ: ಅಮ್ಮಾ, ನಿಮ್ಮ ಮಗ ಸರಿಯಾದ ಜಾಗದಲ್ಲೇ ಹಿಡಿದಿದ್ದಾನೆ. ನಮ್ಮ ಮಿದುಳು ಸುಮಾರು 1.3–1.4 ಕೆ.ಜಿ. ತೂಗುತ್ತದೆ. ಆನೆಯದು ಅದರ ಮೂರು ಪಟ್ಟಿಗಿಂತ ಜಾಸ್ತಿ. ನರಕೋಶಗಳನ್ನು ಎಣಿಸಿದರೂ ಆನೆಯೇ ಮುಂದೆ. ನಮ್ಮಲ್ಲಿ ಸುಮಾರು 8,600 ಕೋಟಿ, ಆಫ್ರಿಕಾದ ಆನೆಯಲ್ಲಿ ಸುಮಾರು 25,700 ಕೋಟಿ. ಆದರೆ ಆನೆಯ ನರಕೋಶಗಳಲ್ಲಿ ನೂರಕ್ಕೆ 98ರಷ್ಟು ತಲೆಯ ಹಿಂಭಾಗದ ಕಿರುಮಿದುಳಿನಲ್ಲೇ ಇವೆ. ಮೈ ಆಡಿಸುವುದನ್ನು ಹದವಾಗಿ ನೋಡಿಕೊಳ್ಳುವ ಭಾಗ ಅದು. ಯೋಚನೆಯ ಕೆಲಸ ಜಾಸ್ತಿ ನಡೆಯುವ ಹೊರಪದರದಲ್ಲಿ ಆನೆಗೆ ಇರುವುದು ಸುಮಾರು 560 ಕೋಟಿ, ನಮಗೆ 1,600 ಕೋಟಿ. ಇಲ್ಲಿ ನಾವು ಮುಂದೆ. ಮಗನಿಗೆ ಇಷ್ಟು ಹೇಳಿದರೆ ಆನೆಯ ಪ್ರಶ್ನೆ ಮುಗಿಯುತ್ತದೆ.

ಕೋತಿಯ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಇಷ್ಟೆಲ್ಲ ನರಕೋಶ ಇಟ್ಟುಕೊಂಡು ನಾವು ಮಾಡುವ ಬೇರೆ ಕೆಲಸ ಯಾವುದು?

"ಇದು ಮನುಷ್ಯನಿಗೆ ಮಾತ್ರ ಬರುತ್ತೆ" ಅಂತ ಹಿಂದೆ ಒಂದು ಪಟ್ಟಿ ಇತ್ತು. ಅದರಲ್ಲಿದ್ದ ಒಂದೊಂದೇ ಬಿದ್ದು ಹೋಗಿದೆ. ಉಪಕರಣ ಮಾಡುವುದು ನಮಗೆ ಮಾತ್ರ ಗೊತ್ತು ಅಂದುಕೊಂಡಿದ್ದರು. 1960ರಲ್ಲಿ ಟಾಂಜಾನಿಯಾದ ಗೊಂಬೆ ಕಾಡಿನಲ್ಲಿ ಜೇನ್ ಗುಡಾಲ್ ಕಂಡದ್ದೇ ಬೇರೆ. ಚಿಂಪಾಂಜಿಗಳು ಕಡ್ಡಿಯ ಎಲೆ ಕಿತ್ತು, ಅದನ್ನು ಹುತ್ತದೊಳಗೆ ತೂರಿಸಿ, ಹತ್ತಿಕೊಂಡು ಬಂದ ಗೆದ್ದಲನ್ನು ತಿನ್ನುತ್ತಿದ್ದವು. ಕಾಗೆ ಜಾತಿಯ ಒಂದು ಹಕ್ಕಿ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಕಡ್ಡಿಯ ತುದಿಗೆ ಕೊಕ್ಕೆ ಮಾಡಿಕೊಂಡು ಮರದ ಬಿರುಕಿನಿಂದ ಹುಳ ಎಳೆಯುತ್ತದೆ. ನೆನಪಿನ ಶಕ್ತಿಯಲ್ಲಾದರೂ ನಾವು ಮುಂದೆ ಅಂದರೆ ಅದೂ ಅಷ್ಟು ಸುಲಭ ಇಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಅಯುಮು ಅನ್ನೋ ಎಳೆ ಚಿಂಪಾಂಜಿಗೆ ಪರದೆಯ ಮೇಲೆ ಅಂಕಿಗಳನ್ನು ಕ್ಷಣಕಾಲ ತೋರಿಸಿ ಮುಚ್ಚುತ್ತಿದ್ದರು. ಯಾವ ಅಂಕಿ ಎಲ್ಲಿತ್ತು ಅಂತ ಅದು ಕ್ರಮವಾಗಿ ಮುಟ್ಟುತ್ತಿತ್ತು. 2007ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಸೋತರು. ಚೆನ್ನಾಗಿ ಅಭ್ಯಾಸ ಮಾಡಿದರೆ ಮನುಷ್ಯರೂ ಅಯುಮುವಿನ ಸಮಕ್ಕೆ ಬರಬಹುದು ಅಂತ ಆಮೇಲೆ ಗೊತ್ತಾಯಿತು, ಅದು ಬೇರೆ ಮಾತು. ಒಂಟಿಯಾಗಿ ಕೂರಿಸಿ ಪರೀಕ್ಷೆ ಕೊಟ್ಟರೆ ನಾವು ಅಂದುಕೊಂಡಷ್ಟು ದೂರ ಮುಂದೆ ಇಲ್ಲ.

ಇದನ್ನು ನನಗೆ ಚೆನ್ನಾಗಿ ಮನದಟ್ಟು ಮಾಡಿದ್ದು ಅದೇ 2007ರ ಇನ್ನೊಂದು ಅಧ್ಯಯನ. ಜರ್ಮನಿಯ ಸಂಶೋಧಕರು 106 ಚಿಂಪಾಂಜಿ, 32 ಒರಾಂಗುಟಾನ್ ಮತ್ತು ಎರಡೂವರೆ ವರ್ಷದ 105 ಮಕ್ಕಳಿಗೆ ಒಂದೇ ಥರದ ಪರೀಕ್ಷೆಗಳನ್ನು ಕೊಟ್ಟರು. ವಸ್ತು ಎಲ್ಲಿ ಅಡಗಿದೆ, ಯಾವುದು ಜಾಸ್ತಿ ಯಾವುದು ಕಮ್ಮಿ, ಕೋಲಿನಿಂದ ಹೇಗೆ ಎಳೆಯುವುದು, ಇಂಥವುಗಳಲ್ಲಿ ಮಕ್ಕಳೂ ಚಿಂಪಾಂಜಿಗಳೂ ಹೆಚ್ಚುಕಮ್ಮಿ ಸಮ. ಆದರೆ ಇನ್ನೊಬ್ಬರು ಮಾಡಿದ್ದನ್ನು ನೋಡಿ ಕಲಿಯುವುದು, ಬೆರಳು ತೋರಿಸಿದರೆ ಏನು ಹೇಳುತ್ತಿದ್ದಾರೆ ಅಂತ ಹಿಡಿಯುವುದು, ಇಂಥವು ಬಂದಾಗ ಮಕ್ಕಳು ಬಹಳ ಮುಂದೆ ಹೋದರು. ಆ ವಯಸ್ಸಿನ ಮಗು ಇನ್ನೂ ಶಾಲೆಯ ಮೆಟ್ಟಿಲು ಹತ್ತಿಲ್ಲ, ಅಕ್ಷರ ಗೊತ್ತಿಲ್ಲ, ಆದರೂ ಇನ್ನೊಬ್ಬರ ತಲೆಯಲ್ಲಿರುವುದನ್ನು ತನ್ನ ತಲೆಗೆ ಇಳಿಸಿಕೊಳ್ಳೋದು ಅದಕ್ಕೆ ಬರುತ್ತದೆ.

ನನ್ನ ಪ್ರಕಾರ ವ್ಯತ್ಯಾಸ ಇರುವುದು ಇಲ್ಲಿ. ನಮ್ಮ ಬುದ್ಧಿ ಒಬ್ಬೊಬ್ಬರ ತಲೆಯೊಳಗೆ ಮುಗಿಯುವುದಿಲ್ಲ, ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ದಾಟುವಾಗ ಕಳೆದುಹೋಗದೆ ಉಳಿಯುತ್ತದೆ, ಮುಂದಿನವರು ಅದಕ್ಕೆ ಇನ್ನಷ್ಟು ಸೇರಿಸುತ್ತಾರೆ.

ಉದಾಹರಣೆ ನಿಮ್ಮ ಮನೆಯಲ್ಲೇ ಇದೆ, ಅಲ್ವಾ? ರೇಷ್ಮೆ ಹುಳ ಸಾಕುವುದು ಚೀನಾದಲ್ಲಿ ಸಾವಿರಾರು ವರ್ಷಗಳ ಹಿಂದೆ ಶುರುವಾಯಿತು. ನಮ್ಮ ಮೈಸೂರು ಸೀಮೆಯಲ್ಲಿ ಅದು ನೆಲೆಯೂರಿದ್ದು 18ನೇ ಶತಮಾನದ ಕೊನೆಗೆ, ಟಿಪ್ಪು ಸುಲ್ತಾನನ ಕಾಲದಲ್ಲಿ. ಹುಳ ಜ್ವರಕ್ಕೆ, ಅಂದರೆ ಪೊರೆ ಬಿಡೋಕೆ, ಕೂತಾಗ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಬೇಕು, ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಮೇಲೆ ಚಂದ್ರಿಕೆ ಅನ್ನೋ ತಟ್ಟೆಗೆ ಬಿಡಬೇಕು. ಇದರಲ್ಲಿ ಯಾವುದನ್ನೂ ನೀವು ಮೊದಲಿಂದ ಕಂಡುಹಿಡಿಯಲಿಲ್ಲ. ನಿಮಗೆ ಹೇಳಿಕೊಟ್ಟವರೂ ಕಂಡುಹಿಡಿಯಲಿಲ್ಲ.

ಮೊಟ್ಟೆಯನ್ನೇ ತೆಗೆದುಕೊಳ್ಳಿ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆಯನ್ನು ಗಂಟು ರೋಗ ಹಾಳು ಮಾಡುತ್ತಿತ್ತು. 1865ರಲ್ಲಿ ಸರ್ಕಾರ ಲೂಯಿ ಪಾಶ್ಚರ್ ಅವರನ್ನು ಆ ರೋಗ ನೋಡಲು ಕಳಿಸಿತು. ಅವರಿಗೆ ರೇಷ್ಮೆ ಹುಳದ ಬಗ್ಗೆ ಏನೂ ಗೊತ್ತಿರಲಿಲ್ಲ, ಹೋಗಿ ಸಾಕುವವರನ್ನೇ ಕೇಳಿ ಕಲಿತರು. ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ, ಆದ್ದರಿಂದ ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗ ಕಂಡರೆ ಆ ಮೊಟ್ಟೆಯನ್ನು ಸುಟ್ಟುಬಿಡಬೇಕು ಅಂತ ಹೇಳಿದರು. ಇವತ್ತಿಗೂ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಮಾಡುವುದು ಮೂಲದಲ್ಲಿ ಅದನ್ನೇ. ಫ್ರಾನ್ಸಿನಲ್ಲಿ ಒಬ್ಬರು ನೂರೈವತ್ತು ವರ್ಷಗಳ ಹಿಂದೆ ಯೋಚಿಸಿದ್ದು ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ನಿಮ್ಮ ಬೆಳೆ ಕಾಯುತ್ತಿದೆ, ಅವರ ಹೆಸರು ಗೊತ್ತಿಲ್ಲದವರ ಬೆಳೆಯನ್ನೂ ಕಾಯುತ್ತಿದೆ. ಬೇರೆ ಯಾವ ಪ್ರಾಣಿಯಲ್ಲೂ ಇಂಥದ್ದು ನಾನು ಕಂಡಿಲ್ಲ.

ಈಗ ಇದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ತಾಯ್ (Taï) ಅನ್ನೋ ಹೆಸರಿನ ಕಾಡಿನಲ್ಲಿ ಚಿಂಪಾಂಜಿಗಳು ಕಲ್ಲಿನಿಂದ ಗಟ್ಟಿ ಕಾಯಿ ಒಡೆದು ತಿನ್ನುತ್ತವೆ. ಮರಿಗಳು ತಾಯಿಯ ಪಕ್ಕ ಕೂತು ವರ್ಷಗಟ್ಟಲೆ ನೋಡಿ ಕಲಿಯುತ್ತವೆ. ಅಲ್ಲಿ ನೆಲ ಅಗೆದಾಗ 4,300 ವರ್ಷ ಹಳೆಯ, ಚಿಂಪಾಂಜಿಗಳೇ ಬಳಸಿದ ಕಲ್ಲುಗಳು ಸಿಕ್ಕವು. ಅಂದರೆ ಅವುಗಳಲ್ಲೂ ಕಲಿಕೆ ತಲೆಮಾರಿನಿಂದ ತಲೆಮಾರಿಗೆ ಬಂದಿದೆ, ಇದು ಸಣ್ಣ ವಿಷಯ ಅಂತ ಯಾರೂ ಅನ್ನಬಾರದು. ಆದರೆ ಅಂದೂ ಕಲ್ಲು, ಇಂದೂ ಕಲ್ಲು. ಅಷ್ಟೇ ಕಾಲದಲ್ಲಿ ಮನುಷ್ಯರು ಎಲ್ಲಿಂದ ಎಲ್ಲಿಗೆ ಬಂದರು ಅಂತ ನಿಮ್ಮ ಮಗನೇ ಹೇಳುತ್ತಾನೆ.

ಯಾಕೆ ಹೀಗೆ? ಒಂದು ಕಾರಣ ಕೇಳಿದರೆ ಆಶ್ಚರ್ಯವಾಗಬಹುದು. ನಾವು ಅರ್ಥ ಆಗದಿದ್ದರೂ ನಕಲು ಮಾಡುತ್ತೇವೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಳೆ ಚಿಂಪಾಂಜಿಗಳಿಗೂ ಮೂರು-ನಾಲ್ಕು ವರ್ಷದ ಮಕ್ಕಳಿಗೂ ಒಂದು ಪೆಟ್ಟಿಗೆಯಿಂದ ತಿಂಡಿಯನ್ನೋ ಬಹುಮಾನವನ್ನೋ ತೆಗೆಯುವುದು ಹೇಗೆ ಅಂತ ತೋರಿಸಿದರು. ತೋರಿಸುವಾಗ ಬೇಕಂತಲೇ ಕೆಲಸಕ್ಕೆ ಬಾರದ ಕೆಲವು ಹೆಜ್ಜೆ ಸೇರಿಸಿದ್ದರು, ಪೆಟ್ಟಿಗೆಯ ಮೇಲಿನ ತೂತಿಗೆ ಕೋಲು ಹಾಕಿ ಕುಟ್ಟುವಂಥದ್ದು. ಪೆಟ್ಟಿಗೆ ಪಾರದರ್ಶಕವಾಗಿದ್ದು, ಆ ಕುಟ್ಟುವುದರಿಂದ ಏನೂ ಆಗುವುದಿಲ್ಲ ಅಂತ ಕಣ್ಣಿಗೇ ಕಂಡಾಗ ಚಿಂಪಾಂಜಿಗಳು ಹೆಚ್ಚಾಗಿ ಅದನ್ನು ಬಿಟ್ಟು ನೇರವಾಗಿ ತಿಂಡಿಗೆ ಕೈ ಹಾಕಿದವು. ಮಕ್ಕಳು ಆಗಲೂ ಕುಟ್ಟಿದರು! ಮೊದಲ ನೋಟಕ್ಕೆ ಚಿಂಪಾಂಜಿಯೇ ಜಾಣ ಅನ್ನಿಸುತ್ತದೆ. ಆದರೆ ಜ್ವರದ ಹೊತ್ತಿಗೆ ಸುಣ್ಣ ಯಾಕೆ ಅಂತ ಪೂರ್ತಿ ತಿಳಿದ ಮೇಲೇ ಉದುರಿಸುತ್ತೇನೆ ಅಂದಿದ್ದರೆ ನಿಮ್ಮ ಮೊದಲ ಬೆಳೆ ಏನಾಗುತ್ತಿತ್ತು? ಮೊದಲು ಮಾಡಿದಿರಿ, ಆಮೇಲೆ ತಿಳಿದಿರಿ. ಇದೇ ಗುಣದಿಂದ ತಪ್ಪು ನಂಬಿಕೆಗಳೂ ಸುಳ್ಳು ಸುದ್ದಿಗಳೂ ನಮ್ಮಲ್ಲಿ ಅಷ್ಟೇ ಸಲೀಸಾಗಿ ಹರಡುತ್ತವೆ, ಅದು ನನ್ನನ್ನು ನಿಜಕ್ಕೂ ಚಿಂತೆಗೆ ಹಚ್ಚುವ ವಿಷಯ. "ಯಾಕೆ?" ಅಂತ ಕೇಳುವ ನಿಮ್ಮ ಮಗನಂಥವರು ಅದಕ್ಕೇ ಬೇಕು.

ಇನ್ನೊಂದು ಮಾತು. ಅವನು ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಎತ್ತಿ, "ಅವರದ್ದು ಅವರೊಬ್ಬರದೇ ಬುದ್ಧಿ ಅಲ್ವಾ?" ಅಂತ ಕೇಳಬಹುದು. ಖಡಕ್‌ವಾಸ್ಲಾ ಅಣೆಕಟ್ಟಿಗೆ 1903ರಲ್ಲಿ ಹಾಕಿದ ಸ್ವಯಂಚಾಲಿತ ಗೇಟು ಅವರ ತಲೆಯಿಂದಲೇ ಬಂದದ್ದು, ಅನುಮಾನವೇ ಇಲ್ಲ. ಆದರೆ ಆ ಗೇಟಿನ ಹಿಂದಿನ ಅಂಕಿ, ಗಣಿತ, ಲೋಹ ಕರಗಿಸುವ ವಿದ್ಯೆ, ನಕ್ಷೆ ಬರೆಯುವ ಕ್ರಮ ಎಲ್ಲ ಅವರಿಗೆ ಬೇರೆಯವರಿಂದ ಬಂದದ್ದು. ಸೊನ್ನೆಯಿಂದ ಹಿಡಿದು ಎಲ್ಲವನ್ನೂ ಅವರೇ ಕಂಡುಹಿಡಿಯಬೇಕಿದ್ದರೆ ಒಂದು ಆಯುಷ್ಯ ಸಾಲುತ್ತಿರಲಿಲ್ಲ, ಅದೂ ಅವರು ನೂರು ವರ್ಷ ಬದುಕಿದವರು.

ಬೆಟ್ಟಕ್ಕೆ ಹೋದಾಗ ಬಾಟಲಿ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಕೋತಿಗೆ ತಿನ್ನಲು ಏನನ್ನೂ ಕೊಡಬೇಡಿ.

ಪ್ರಶ್ನೆ: ನಮ್ಮ ತೋಟದ ನಾಯಿಗೆ ಹೇಳಿದ್ದೆಲ್ಲ ಅರ್ಥ ಆಗುತ್ತೆ, ಬಾಯಿ ಬರಲ್ಲ ಅಷ್ಟೇ. ಅದಕ್ಕೂ ಭಾಷೆ ಇದೆ ಅಂತ ನಾನು, ಇಲ್ಲ ಅಂತ ನಮ್ಮ ಬಾವ. ಯಾರು ಸರಿ? (ಚಿಂತಾಮಣಿಯಿಂದ)

ಉತ್ತರ: ನಾನು ನಿಮ್ಮ ಬಾವನ ಕಡೆ ಸ್ವಲ್ಪ ಜಾಸ್ತಿ ವಾಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ನಾಯಿಯ ಜಾಣತನ ಸುಳ್ಳಲ್ಲ. ಅಮೆರಿಕದಲ್ಲಿ ಚೇಸರ್ ಅನ್ನೋ ನಾಯಿ 1,022 ಆಟಿಕೆಗಳ ಹೆಸರು ಕಲಿತು, ಕೇಳಿದ್ದನ್ನು ಎತ್ತಿಕೊಂಡು ಬರುತ್ತಿತ್ತು. ಕೋಲ್ಕತ್ತದ ಸಂಶೋಧಕರು ಯಾರೂ ತರಬೇತಿ ಕೊಡದ ಬೀದಿ ನಾಯಿಗಳ ಮುಂದೆ ಎರಡು ಪಾತ್ರೆ ಇಟ್ಟು ಒಂದರ ಕಡೆ ಬೆರಳು ತೋರಿಸಿದಾಗ, ಹತ್ತಿರ ಬಂದ ನಾಯಿಗಳಲ್ಲಿ ಬಹುಪಾಲು ತೋರಿಸಿದ ಪಾತ್ರೆಗೇ ಹೋದವು. ನಮ್ಮ ಬಂಡೀಪುರದ ಕೋತಿಗಳು ತಿಂಡಿ ಹಿಡಿದವರ ಮುಂದೆ ಕೂತು, ಅವರನ್ನೇ ನೋಡುತ್ತಾ, ಸದ್ದು ಮಾಡುತ್ತಾ ಕೈ ಚಾಚುತ್ತವೆ. ಇದೂ 2018ರಲ್ಲಿ ಪ್ರಕಟವಾದ ಅಧ್ಯಯನ.

ಆದರೆ ಇದೆಲ್ಲ "ಕೊಡು", "ತಗೋ", "ಇಲ್ಲಿದೆ" ಅನ್ನುವಷ್ಟಕ್ಕೆ ನಿಲ್ಲುತ್ತದೆ. 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ನಿಮ್ ಅನ್ನೋ ಚಿಂಪಾಂಜಿಗೆ ಕೈಸನ್ನೆಯ ಭಾಷೆ ಕಲಿಸಿದರು. ನೂರಕ್ಕೂ ಹೆಚ್ಚು ಸನ್ನೆ ಕಲಿಯಿತು. ಅದು ಕಟ್ಟಿದ ಅತಿ ಉದ್ದದ ಸಾಲು ಹೀಗಿತ್ತು: "ಕೊಡು ಕಿತ್ತಳೆ ನನಗೆ ಕೊಡು ತಿನ್ನು ಕಿತ್ತಳೆ ನನಗೆ ತಿನ್ನು ಕಿತ್ತಳೆ ಕೊಡು ನನಗೆ ತಿನ್ನು ಕಿತ್ತಳೆ ಕೊಡು ನನಗೆ ನೀನು." ಹದಿನಾರು ಸನ್ನೆ, ಬೇಕಾಗಿದ್ದು ಒಂದು ಕಿತ್ತಳೆ. ನಮ್ಮ ಒಂದು ವರ್ಷದ ಮಗು ಮಾತೇ ಬರುವ ಮೊದಲು ಕಾಗೆ ಕಡೆ ಬೆರಳು ತೋರಿಸಿ ಅಮ್ಮನ ಮುಖ ನೋಡುತ್ತದೆ. ಅದಕ್ಕೆ ಕಾಗೆ ಬೇಕಿಲ್ಲ. ನಾನು ನೋಡಿದ್ದನ್ನು ನೀನೂ ನೋಡು ಅನ್ನುವುದಷ್ಟೇ ಅದರ ಆಸೆ. ನಮ್ಮ ಭಾಷೆ ಹುಟ್ಟುವುದು ಅಲ್ಲಿಂದ ಅಂತ ನಾನು ನಂಬುತ್ತೇನೆ.

ಕಣ್ಣ ಮುಂದೆ ಇಲ್ಲದ್ದರ ಬಗ್ಗೆ ಹೇಳುವ ಪ್ರಾಣಿ ಒಂದಿದೆ, ಜೇನುನೊಣ. ಗೂಡಿಗೆ ಬಂದು ಕುಣಿದು, ಹೂವು ಯಾವ ದಿಕ್ಕಿನಲ್ಲಿ ಎಷ್ಟು ದೂರ ಅಂತ ತಿಳಿಸುತ್ತದೆ. ಇದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಆದರೆ ಹೋದ ವರ್ಷ ಆ ಹೊಂಗೆ ಮರ ಎಷ್ಟು ಚೆನ್ನಾಗಿ ಹೂ ಬಿಟ್ಟಿತ್ತು ಅಂತ ಅದು ಕುಣಿದು ಹೇಳಲಾರದು. ನಿಮ್ಮ ನಾಯಿಯೂ ಅಷ್ಟೇ, ಹಾವು ಕಂಡರೆ ಈಗ ಬೊಗಳುತ್ತದೆ, ನಿನ್ನೆ ಬಂದಿದ್ದ ಹಾವಿನ ಸುದ್ದಿ ಹೇಳುವ ದಾರಿ ಅದಕ್ಕಿಲ್ಲ.

ಪ್ರಶ್ನೆ: ಇರುವೆ ಮಳೆಗಾಲಕ್ಕೆ ಕಾಳು ಕೂಡಿಡುತ್ತೆ. ಅಂದ ಮೇಲೆ ಅದಕ್ಕೂ ನಾಳೆಯ ಯೋಚನೆ ಇದೆ ತಾನೆ? (ಬಾಗೇಪಲ್ಲಿಯಿಂದ)

ಉತ್ತರ: ಇರುವೆಗೆ ಇದೆ ಅಂತ ನಾನು ಹೇಳಲಾರೆ. ಒಂದು ಮಳೆಗಾಲವನ್ನೂ ಕಾಣದ ಇರುವೆ ಕೂಡ ಕಾಳು ಹೊರುತ್ತದೆ, ಅದು ಹುಟ್ಟಿನಿಂದ ಬಂದ ಗುಣ. ಆದರೆ ಕಾಗೆಯ ನೆಂಟ ಸ್ಕ್ರಬ್ ಜೇ ಅನ್ನೋ ಹಕ್ಕಿಯ ವಿಷಯ ಬೇರೆ. ಕೇಂಬ್ರಿಡ್ಜ್‌ನಲ್ಲಿ ಆ ಹಕ್ಕಿಗಳನ್ನು ಒಂದು ಬೆಳಿಗ್ಗೆ ತಿಂಡಿ ಸಿಗುವ ಕೋಣೆಯಲ್ಲಿ, ಇನ್ನೊಂದು ಬೆಳಿಗ್ಗೆ ತಿಂಡಿ ಸಿಗದ ಕೋಣೆಯಲ್ಲಿ ಇಟ್ಟರು. ಆಮೇಲೆ ಒಂದು ಸಂಜೆ ಇದ್ದಕ್ಕಿದ್ದಂತೆ ಕಾಳು ಕೊಟ್ಟು, ಎಲ್ಲಿ ಬೇಕಾದರೂ ಬಚ್ಚಿಡಲು ಬಿಟ್ಟರು. ಹಕ್ಕಿಗಳು ಬೆಳಿಗ್ಗೆ ತಿಂಡಿ ಸಿಗದ ಕೋಣೆಯಲ್ಲೇ ಜಾಸ್ತಿ ಬಚ್ಚಿಟ್ಟವು. ಇದು 2007ರಲ್ಲಿ ಪ್ರಕಟವಾಯಿತು. ನಾಳೆ ಬೆಳಗಿನ ಹಸಿವಿಗೆ ಇವತ್ತು ಸಂಜೆಯೇ ಸಿದ್ಧವಾಗುವುದು ಯೋಚನೆ ಅಂತಲೇ ನನ್ನ ಅಭಿಪ್ರಾಯ, ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ನಮ್ಮ ನಾಳೆ ಇನ್ನೂ ದೂರ ಹೋಗುತ್ತದೆ. ನಿಮ್ಮ ಕಡೆ ಹೊಲದ ಬದುವಿನಲ್ಲಿ ಹುಣಸೆ ಸಸಿ ನೆಡುತ್ತಾರಲ್ಲ, ಅದು ಚೆನ್ನಾಗಿ ಕಾಯಿ ಬಿಡಲು ವರ್ಷಗಟ್ಟಲೆ ಹಿಡಿಯುತ್ತದೆ ಅಂತ ಗೊತ್ತಿದ್ದೂ ಅರವತ್ತು ದಾಟಿದವರು ನೆಡುತ್ತಾರೆ. ತಾನು ಇಲ್ಲದ ದಿನಕ್ಕಾಗಿ ಬೇಕೆಂದೇ ಕೆಲಸ ಮಾಡಿಟ್ಟ ಬೇರೆ ಪ್ರಾಣಿ ಇದುವರೆಗೆ ಯಾವ ಪ್ರಯೋಗದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.