ಹವಾಯಿ ಸೇರಿದ್ದೋ, ಸೇರಿಸಿಕೊಂಡದ್ದೋ?

ಓದುಗರ ಪತ್ರ: ಕಳೆದ ಸಂಚಿಕೆಯ ಪ್ರವಾಸ ಲೇಖನದಲ್ಲಿ ಅಮೆರಿಕ ಹವಾಯಿಯನ್ನು ‘ನುಂಗಿತು’ ಎಂದು ಬರೆದಿದ್ದೀರಿ. ಇದು ಸರಿಯಲ್ಲ. ಮಗಳ ಮನೆಗೆ ಹೋದಾಗ ನಾವೂ ಹೊನೊಲುಲು ನೋಡಿ ಬಂದೆವು. 1898ರಲ್ಲಿ ಹವಾಯಿ ಅಮೆರಿಕಕ್ಕೆ ಸೇರಿತು, ಅಷ್ಟೆ. ಸಂಸತ್ತಿನಲ್ಲಿ ಮತ ಹಾಕಿಯೇ ತೀರ್ಮಾನ ಮಾಡಿದ್ದಾರೆ. ಈಗ ಅಲ್ಲಿನ ಜನ ಸುಖವಾಗಿದ್ದಾರೆ. ಹಳೆಯದನ್ನು ಕೆದಕಿ ಏನು ಪ್ರಯೋಜನ?
– ನಿವೃತ್ತ ಕನ್ನಡ ಅಧ್ಯಾಪಕರು, ಸಾಗರ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದುಂಡಗಿನ ಅಕ್ಷರ, ಒಂದೂ ಕಾಗುಣಿತದ ತಪ್ಪಿಲ್ಲ. ಇಂಥ ಪತ್ರ ಬರುವುದೇ ಅಪರೂಪ. ‘ನುಂಗಿತು’ ಒರಟು ಮಾತು, ಒಪ್ಪುತ್ತೇನೆ. ಬೇಕಾದರೆ ತೆಗೆಯೋಣ. ಆದರೆ ಅದರ ಜಾಗದಲ್ಲಿ ‘ಸೇರಿತು’ ಬಂದು ಕೂರುವುದಕ್ಕೆ ನಾನು ಬಿಡಲಾರೆ. ಹೊಳೆ ಸಮುದ್ರ ಸೇರುತ್ತದೆ. ಮಗು ಶಾಲೆಗೆ ಸೇರುತ್ತದೆ. ಹವಾಯಿಯನ್ನು ಸೇರಿಸಿಕೊಂಡರು. ‘ಇಸು’ ಹತ್ತಿದರೆ ಮಾಡಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ‘ಕೊಳ್ಳು’ ಹತ್ತಿದರೆ ಯಾರಿಗಾಗಿ ಎಂಬುದೂ ಬರುತ್ತದೆ. ನಲವತ್ತು ಮಕ್ಕಳ ತರಗತಿಗೆ ಇದನ್ನು ಕಲಿಸಿದವರು ನೀವು, ಅಲ್ವಾ?

ಹವಾಯಿ ಹೇಳುವವರು ಕೇಳುವವರು ಇಲ್ಲದ ದ್ವೀಪವಾಗಿರಲಿಲ್ಲ. 1840ರಲ್ಲೇ ಅಲ್ಲಿ ಸಂವಿಧಾನ ಇತ್ತು. 1843ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಅದನ್ನು ಸ್ವತಂತ್ರ ದೇಶ ಎಂದು ಒಪ್ಪಿ ಬರೆದುಕೊಟ್ಟಿದ್ದವು. ದೊರೆ ಕಲಾಕೌವ 1881ರಲ್ಲಿ ಇಡೀ ಭೂಮಿಯನ್ನು ಸುತ್ತಿ ಬಂದರು. ಹಾಗೆ ಸುತ್ತಿದ ಮೊದಲ ದೊರೆ ಅವರೇ. ಆ ದಾರಿಯಲ್ಲಿ ನಮ್ಮ ಕಲ್ಕತ್ತ, ಮುಂಬಯಿಗೂ ಬಂದಿದ್ದರು. ಅವರ ಇಯೊಲಾನಿ ಅರಮನೆಯಲ್ಲಿ ವೈಟ್ ಹೌಸ್‌ಗಿಂತ ಮೊದಲೇ ವಿದ್ಯುತ್ ದೀಪ ಉರಿದಿತ್ತು.

ಕುತ್ತು ತಂದದ್ದು ಸಕ್ಕರೆ. 1875ರ ಒಪ್ಪಂದದಂತೆ ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕಕ್ಕೆ ಹೋಗತೊಡಗಿತು. ಕಬ್ಬಿನ ತೋಟಗಳು ಬೆಳೆದವು. ಅವುಗಳ ದೊಡ್ಡ ಮಾಲೀಕರಲ್ಲಿ ಅಮೆರಿಕ ಮೂಲದವರೇ ಜಾಸ್ತಿ. ಕ್ರೈಸ್ತ ಧರ್ಮ ಹೇಳಲು ಬಂದವರ ಮಕ್ಕಳು, ಮೊಮ್ಮಕ್ಕಳೂ ಅವರಲ್ಲಿದ್ದರು. 1887ರಲ್ಲಿ ಬಂದೂಕಿನವರು ಬೆನ್ನಿಗಿದ್ದ ಒಂದು ಗುಂಪು ದೊರೆಯಿಂದ ಹೊಸ ಸಂವಿಧಾನಕ್ಕೆ ಸಹಿ ಹಾಕಿಸಿಕೊಂಡಿತು. ಬಯೊನೆಟ್ (ಬಂದೂಕಿನ ತುದಿಯ ಚೂರಿ) ಸಂವಿಧಾನ ಎಂದೇ ಅದಕ್ಕೆ ಹೆಸರು. ಆಸ್ತಿ, ಆದಾಯ ಇಲ್ಲದ ಸ್ಥಳೀಯರು ಮೇಲ್ಮನೆಗೆ ಮತ ಹಾಕುವಂತಿರಲಿಲ್ಲ. ಚೀನಾ, ಜಪಾನಿನಿಂದ ಬಂದ ಕೂಲಿಯವರಿಗೆ ಮತವೇ ಇಲ್ಲ. ಅದೇ ವರ್ಷ ಪರ್ಲ್ ಹಾರ್ಬರ್ ಬಂದರಿನ ಬಳಕೆಯೂ ಅಮೆರಿಕಕ್ಕೆ ಹೋಯಿತು. ಮುಂದೆ 1890ರಲ್ಲಿ ಅಮೆರಿಕ ಎಲ್ಲ ದೇಶಗಳ ಕಚ್ಚಾ ಸಕ್ಕರೆಗೂ ಸುಂಕ ತೆಗೆದು, ತನ್ನ ಬೆಳೆಗಾರರಿಗೆ ಪೌಂಡಿಗೆ 2 ಸೆಂಟ್ ಸಹಾಯಧನ ಕೊಟ್ಟಿತು. ಹೊರಗಿದ್ದರೆ ನಷ್ಟ, ಒಳಗಿದ್ದರೆ ಲಾಭ. ತೋಟದವರಲ್ಲಿ ಹಲವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಯಿತು.

1893ರ ಜನವರಿಯಲ್ಲಿ, ಕಲಾಕೌವರ ನಂತರ ಪಟ್ಟಕ್ಕೆ ಬಂದಿದ್ದ ಅವರ ತಂಗಿ ರಾಣಿ ಲಿಲಿಯುಓಕಲಾನಿ ತನ್ನ ಜನರ ಮತದ ಹಕ್ಕನ್ನು ಮರಳಿ ತರುವ ಹೊಸ ಸಂವಿಧಾನಕ್ಕೆ ಕೈ ಹಾಕಿದರು. ಆಗಿನ ಸಂವಿಧಾನದ ಪ್ರಕಾರ ರಾಣಿ ಒಬ್ಬರೇ ಹಾಗೆ ಮಾಡುವಂತಿರಲಿಲ್ಲ. ಎದುರಾಳಿಗಳ ಈ ವಾದದಲ್ಲಿ ಸತ್ಯವಿದೆ. ನಿಮ್ಮ ಪಕ್ಷಕ್ಕೆ ಇಷ್ಟು ಕೊಡುತ್ತೇನೆ. ಆದರೆ ಅದಕ್ಕೆ ಅವರು ಮಾಡಿದ್ದೇನು? 13 ಜನ ಸೇರಿ ‘ಸುರಕ್ಷಾ ಸಮಿತಿ’ ಕಟ್ಟಿಕೊಂಡರು. ಅಮೆರಿಕದ ರಾಯಭಾರಿ ಜಾನ್ ಸ್ಟೀವನ್ಸ್ ಅವರ ಬೆನ್ನಿಗೆ ನಿಂತರು. ಜನವರಿ 16ರಂದು ಯುಎಸ್‌ಎಸ್ ಬೋಸ್ಟನ್ ಹಡಗಿನಿಂದ 162 ಸೈನಿಕರು ಬಂದೂಕು ಹಿಡಿದು ಹೊನೊಲುಲುವಿನ ಬೀದಿಗೆ ಇಳಿದರು. ಮರುದಿನ ರಾಣಿ ಅಧಿಕಾರ ಬಿಟ್ಟರು. ಆಗ ಬರೆದ ಕಾಗದದಲ್ಲಿ ಎಷ್ಟು ಎಚ್ಚರ ನೋಡಿ. ಆ 13 ಜನಕ್ಕೆ ಶರಣಾಗಿದ್ದೇನೆ ಎಂದು ಬರೆಯಲಿಲ್ಲ. ಅಮೆರಿಕದ ದೊಡ್ಡ ಸೇನಾಬಲಕ್ಕೆ ಮಣಿಯುತ್ತಿದ್ದೇನೆ ಎಂದು ಬರೆದರು. ಮಾಡಿದವರ ಹೆಸರು ಬಿಡಲಿಲ್ಲ. ಎರಡು ವಾರ ಕಳೆದ ಮೇಲೆ ಸ್ಟೀವನ್ಸ್ ತಮ್ಮ ಸರ್ಕಾರಕ್ಕೆ ಏನು ಬರೆದರು ಗೊತ್ತೇ? ಹವಾಯಿಯ ಪೇರು ಹಣ್ಣು ಈಗ ಪೂರ್ತಿ ಮಾಗಿದೆ, ಕೀಳಲು ಇದೇ ಸುವರ್ಣ ಗಳಿಗೆ ಎಂದು.

ಅಮೆರಿಕದಲ್ಲೂ ನ್ಯಾಯ ಹೇಳಿದವರಿದ್ದರು. ಅಧ್ಯಕ್ಷ ಕ್ಲೀವ್‌ಲೆಂಡ್ ವಿಚಾರಣೆ ಮಾಡಿಸಿ, ನಡೆದದ್ದು ಯುದ್ಧದ ಕೃತ್ಯ ಎಂದು ಸಂಸತ್ತಿಗೆ ಬರೆದರು. ರಾಣಿಗೆ ಅಧಿಕಾರ ವಾಪಸ್ ಕೊಡಿ ಎಂದರೆ ಹೊನೊಲುಲುವಿನ ಹೊಸ ಸರ್ಕಾರ ಕೊಡಲಿಲ್ಲ.

ಈಗ ನಿಮ್ಮ ಮತದ ಮಾತಿಗೆ ಬರೋಣ. ಮತ ಹಾಕಿದ್ದು ವಾಷಿಂಗ್ಟನ್ನಿನಲ್ಲಿ. ಹವಾಯಿಯ ಜನರನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಅವರು ಹೇಳಿದರು. 1897ರಲ್ಲಿ ಗಂಡಸರು, ಹೆಂಗಸರು ದ್ವೀಪ ದ್ವೀಪ ಸುತ್ತಿ ವಿಲೀನ ಬೇಡ ಎಂಬ ಮನವಿಗೆ ಸಹಿ ಕೂಡಿಸಿದರು. 21,269 ಸಹಿ. ಆಗ ಮೂಲನಿವಾಸಿಗಳೇ ಮಕ್ಕಳೂ ಸೇರಿ ಸುಮಾರು 40,000. ಅದನ್ನು ವಾಷಿಂಗ್ಟನ್ನಿಗೆ ಹೊತ್ತುಕೊಂಡು ಹೋಗಿ ಸೆನೆಟ್‌ಗೆ ಕೊಟ್ಟರು. ಒಪ್ಪಂದಕ್ಕೆ ಬೇಕಾಗಿದ್ದ ಮೂರರಲ್ಲಿ ಎರಡು ಪಾಲು ಮತ ಕೂಡಿಬರಲಿಲ್ಲ. ಅವರು ಗೆದ್ದಿದ್ದರು ಮೇಷ್ಟ್ರೇ! ಅಷ್ಟರಲ್ಲಿ 1898ರಲ್ಲಿ ಸ್ಪೇನ್ ಜೊತೆ ಯುದ್ಧ ಶುರುವಾಯಿತು. ಫಿಲಿಪ್ಪೀನ್ಸ್ ದಾರಿಯಲ್ಲಿ ಹಡಗಿಗೆ ಕಲ್ಲಿದ್ದಲು ತುಂಬಲು ಹವಾಯಿ ಬೇಕೇಬೇಕು ಎಂದರು. ಒಪ್ಪಂದ ಬಿಟ್ಟು, ಸರಳ ಬಹುಮತ ಸಾಕಾಗುವ ಜಂಟಿ ನಿರ್ಣಯದ ದಾರಿ ಹಿಡಿದರು. ಜುಲೈ 7ರಂದು ಅಧ್ಯಕ್ಷ ಮೆಕಿನ್ಲಿ ಸಹಿ ಹಾಕಿದರು. ಆಗಸ್ಟ್ 12ರಂದು ಅರಮನೆಯ ಮೇಲಿನ ಹವಾಯಿ ಬಾವುಟ ಇಳಿಸಿದರು. ರಾಣಿ ನೋಡಲು ಹೋಗಲಿಲ್ಲ.

ಆ ಸಹಿಗಳ ಕಟ್ಟು ವಾಷಿಂಗ್ಟನ್ನಿನ ದಾಖಲೆ ಮನೆಯಲ್ಲೇ ಉಳಿಯಿತು. 1996ರಲ್ಲಿ ಹವಾಯಿಯ ಸಂಶೋಧಕಿ ನೋಎನೋಎ ಸಿಲ್ವ ಅದನ್ನು ಹುಡುಕಿ ತೆಗೆದರು. ಮೊಮ್ಮಕ್ಕಳು, ಮರಿಮಕ್ಕಳು ತಮ್ಮ ಅಜ್ಜಿಯ ಸಹಿ ಹುಡುಕಿ ಅತ್ತರು. ನಮ್ಮ ಹಿರಿಯರು ಸುಮ್ನೆ ಕೂತಿದ್ದರು ಎಂದು ಅಷ್ಟು ವರ್ಷ ಶಾಲೆಯಲ್ಲಿ ಓದಿದ್ದವರು ಅವರು. ಓದಿದ್ದೂ ಇಂಗ್ಲಿಷಿನಲ್ಲಿ. ಹತ್ತಾರು ಪತ್ರಿಕೆ ನಡೆಸುತ್ತಿದ್ದ ಭಾಷೆ ಅವರದು. 1896ರ ಕಾನೂನು ಶಾಲೆಯಲ್ಲಿ ಇಂಗ್ಲಿಷನ್ನೇ ಮಾಧ್ಯಮ ಮಾಡಿತು. ಹವಾಯಿ ಮಾತಾಡಿದ ಮಕ್ಕಳಿಗೆ ಶಿಕ್ಷೆ ಕೊಟ್ಟರು. ಹಳೆಯದನ್ನು ಕೆದಕಿ ಏನು ಪ್ರಯೋಜನ ಎಂದು ಕೇಳಿದಿರಿ. ಅಜ್ಜಿಯ ಸಹಿ ಮೊಮ್ಮಗಳಿಗೆ ಸಿಗುತ್ತದೆ, ಅದು ಪ್ರಯೋಜನ. 1993ರಲ್ಲಿ ಅಮೆರಿಕದ ಸಂಸತ್ತೇ ಕ್ಷಮೆ ಕೇಳಿ ನಿರ್ಣಯ ಮಾಡಿತು.

ಈ ಪದದ ಹಟ ನನಗೆ ಹತ್ತಿದ್ದು ನಿಮ್ಮ ಕಡೆಯ ಹಿನ್ನೀರಿನ ಊರಿನಲ್ಲೇ. ಆಗ ನಾನು ಹೊಸ ವರದಿಗಾರ. ಒಬ್ಬ ಅಜ್ಜಿಯನ್ನು, ಊರು ಮುಳುಗಿದ ಮೇಲೆ ಎಲ್ಲಿಗೆ ಹೋದಿರಿ ಎಂದು ಕೇಳಿದೆ. ‘ಮುಳುಗಿದ್ದಲ್ಲ ತಮಾ, ಮುಳುಗ್ಸಿದ್ದು’ ಎಂದರು. ಅಂದಿನಿಂದ ನಮ್ಮ ಪತ್ರಿಕೆಗಳ ಭಾಷೆ ನನ್ನನ್ನು ಚುಚ್ಚುತ್ತದೆ. ‘ಕೆರೆ ಮುಚ್ಚಿಹೋಯಿತು’, ‘ಮರಗಳು ತೆರವಾದವು’, ‘ಗುಡಿಸಲುಗಳು ನೆಲಸಮವಾದವು’. ಎಲ್ಲ ತಾನೇ ಆಗುತ್ತದೆ! ಕನ್ನಡ ಕಲಿಸಿದವರೂ ಹೀಗೇ ಬರೆದರೆ ನಾವು ಯಾರ ಬಳಿ ಹೋಗೋಣ?

ಮತ್ತೆ ಮಗಳ ಮನೆಗೆ ಹೋದರೆ ಇಯೊಲಾನಿ ಅರಮನೆಯ ಮಹಡಿಗೆ ಹೋಗಿ. 1895ರಲ್ಲಿ ರಾಣಿಯನ್ನು ಅಲ್ಲಿಯ ಒಂದು ಕೋಣೆಯಲ್ಲಿ ಸುಮಾರು ಎಂಟು ತಿಂಗಳು ಕೂಡಿಹಾಕಿದ್ದರು. ಪತ್ರಿಕೆ ಕೊಡುತ್ತಿರಲಿಲ್ಲ. ಹೂವು ಸುತ್ತಿ ತಂದ ಹಾಳೆಗಳಲ್ಲಿ ಆಕೆ ಸುದ್ದಿ ಓದಿದರು. ಅಲ್ಲಿ ಕೂತು ತುಂಡುಬಟ್ಟೆ ಜೋಡಿಸಿ ಹೊಲಿದ ಕೌದಿಯನ್ನು ಅದೇ ಕೋಣೆಯಲ್ಲಿ ಇಟ್ಟಿದ್ದಾರೆ. ಸೆರೆ ಹಾಕಿದ ದಿನ, ಬಿಟ್ಟ ದಿನ ಎರಡನ್ನೂ ದಾರದಲ್ಲಿ ಬರೆದಿದ್ದಾರೆ. ನೋಡಿ ಬಂದು ಇನ್ನೊಂದು ಪತ್ರ ಬರೆಯಿರಿ, ಖಂಡಿತ ಪ್ರಕಟಿಸುತ್ತೇನೆ.