ಟಿವಿಗಿಂತ ಮೊದಲು ನಲ್ಲಿ

ಹಳೆ ವಿದ್ಯಾರ್ಥಿಗಳು ಕೊಟ್ಟ ದುಡ್ಡಲ್ಲಿ ನಿಮ್ಮ ಶಾಲೆಗೆ ಸ್ಮಾರ್ಟ್ ಟಿವಿ ತರೋಣವೇ ಅಂತ ಕೇಳಿದ್ದೀರಿ. ಬಿಸಿಯೂಟ ಆದ ಮೇಲೆ ಆರು, ಏಳನೇ ಕ್ಲಾಸಿನ ಹುಡುಗಿಯರು ಮನೆಗೆ ಹೋದರೆ ವಾಪಸ್ ಬರಲ್ಲ ಅಂದ್ರಲ್ಲ, ಅದಕ್ಕೆ ಕಾರಣ ಬಹುತೇಕ ಶೌಚಾಲಯ. ನಮ್ಮ ಶಾಲೆಯಲ್ಲೂ ಶೌಚಾಲಯದ ಕಟ್ಟಡ ಇತ್ತು, ಬೀಗ ಇತ್ತು, ನೀರಿರಲಿಲ್ಲ. ಟ್ಯಾಂಕ್ ಹತ್ತಿ ನೋಡಿದರೆ ಒಳಗೆ ಒಣಗಿದ ಪಾಚಿ, ಪೈಪನ್ನು ಇಲಿ ಕಡಿದಿತ್ತು.

ಹಾಗಾಗಿ ಹಳೆ ವಿದ್ಯಾರ್ಥಿಗಳು ಕೊಟ್ಟ 60,000 ರೂಪಾಯಿಗೆ ಸ್ಮಾರ್ಟ್ ಟಿವಿ ಸದ್ಯಕ್ಕೆ ಬೇಡ. ಮೊದಲು ಶೌಚಾಲಯದ ಬೀಗ ತೆಗೆಸಿ ನಲ್ಲಿ ತಿರುಗಿಸಿ ನೋಡಿ. ತೊಂದರೆ ಪೈಪಿನದೋ ಮೋಟಾರಿನದೋ ಇಲ್ಲಿ ಕೂತು ಹೇಳೋಕಾಗಲ್ಲ. ಪೈಪಾದರೆ ಪ್ಲಂಬರ್ ಅರ್ಧ ದಿನದಲ್ಲಿ ಮುಗಿಸ್ತಾನೆ. ನೀರಿನ ಸಂಪರ್ಕವೇ ಇಲ್ಲದಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಬರೆಸಿ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೊಡಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತು ಅಲ್ಲಿ ನಡೆಯಲ್ಲ. ತೊಳೆಯೋರ ತಿಂಗಳ ಸಂಬಳಕ್ಕೂ ಒಂದಿಷ್ಟು ತೆಗೆದಿಡಿ. ಎಲ್ಲರೂ ಮರೆಯೋದು ಇದನ್ನೇ.

ಇನ್ನು, 1ರಿಂದ 5ರವರೆಗೆ 74 ಮಕ್ಕಳಿಗೆ ಇಬ್ಬರೇ ಮೇಷ್ಟ್ರು ಅಂದಿದ್ದೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ 61ರಿಂದ 90 ಮಕ್ಕಳಿಗೆ ಮೂವರು ಇರಬೇಕು. ಇದನ್ನೇ ಬರೆದು, ತರಗತಿವಾರು ಮಕ್ಕಳ ಸಂಖ್ಯೆ ಲಗತ್ತಿಸಿ, ಮುಖ್ಯ ಶಿಕ್ಷಕರ ಮೂಲಕ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಅರ್ಜಿ ಹಾಕಿ. ಕಾಯಂ ಹುದ್ದೆ ತುಂಬೋವರೆಗೆ ಅತಿಥಿ ಶಿಕ್ಷಕರನ್ನಾದರೂ ಕೊಡಿ ಅಂತ ಅದೇ ಅರ್ಜಿಯಲ್ಲಿ ಕೇಳಿ.